ದೂರದ ಬೆಟ್ಟಕ್ಕೆ ಊರ ಗುಡ್ಡವೇ ಮೊದಲ ಮೆಟ್ಟಿಲು

“ಅಪ್ಪಾ, ಸೂಟಿಯೊಳಗ ಗೆಳೆಯಾರೆಲ್ಲಾ ಬೆನ್ನಿಗೆ ಚೀಲಾ ಹಾಕ್ಕೊಂಡು ಗುಡ್ಡಾ ಹತ್ತಾಕ ಹೊಂಟಾರ. ನಾನೂ ಹೋಗ್ಲ್ಯಾ?”

“ಗುಡ್ಡದಾಗ ಏನೈತೋ ತಮ್ಮಾ? ಕಾಲ ಮುರಕೊಂಡ ಬಂದರ ಪರೀಕ್ಷಾ ಯಾರ ಬರೀತಾರ?”

“ಹೋಗಿ ಬರ್ಲಿ ಬಿಡ್ರೀ. ಆದ್ರ ಯಾರ ಜೋಡಿ ಹೊಂಟಾನ, ರಾತ್ರಿ ಎಲ್ಲಿರ್ತಾನ, ಅದನ್ನರ ಕೇಳ್ರಿ” ಎಂದು ಒಳಗಿನಿಂದ ಅವ್ವನ ದನಿ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ರಜೆ ಬಂತೆಂದರೆ ಇಂಥ ಮಾತುಕತೆ ನಡೆಯುತ್ತದೆ. ಮಗನ ಆಸೆ ತಪ್ಪಲ್ಲ. ಅಪ್ಪನ ಅಂಜಿಕೆಯೂ ತಪ್ಪಲ್ಲ. ಆದರೆ ಮೂವರಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವ್ವ. ಯಾರ ಜೊತೆ, ಎಲ್ಲಿಗೆ, ಯಾವ ತಯಾರಿಯಿಂದ ಎಂಬುದು ಗೊತ್ತಿದ್ದರೆ ಬೆಟ್ಟ ಒಳ್ಳೆಯ ಶಾಲೆ. ಗೊತ್ತಿಲ್ಲದಿದ್ದರೆ ಅದೇ ಬೆಟ್ಟ ಕಠಿಣ ಪರೀಕ್ಷಕ.

ಅಂಜಿಕೆಗೆ ಕಾರಣಗಳು ಇಲ್ಲದಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬ ಹಿಮಾಲಯದ ಸರೋವರಕ್ಕೆ ಚಾರಣ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿಕೊಂಡಿತು. ಕರ್ನಾಟಕದಿಂದ ಹೋಗಿದ್ದ 9 ಮಂದಿ ಅಲ್ಲೇ ಪ್ರಾಣ ಬಿಟ್ಟರು. ಉಳಿದ 13 ಮಂದಿಯನ್ನು ರಕ್ಷಿಸಲಾಯಿತು. ಅದು ನಡೆದದ್ದು 4,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ. ಅಲ್ಲಿ ಹವೆ ಕೆಟ್ಟರೆ ಅನುಭವಿಗಳಿಗೂ ರಿಯಾಯಿತಿ ಇಲ್ಲ. ಈ ಸುದ್ದಿ ಓದಿದ ಯಾವ ತಂದೆತಾಯಿಯ ಎದೆ ನಡುಗದು? ಹಾಗೆಂದು ಮಕ್ಕಳನ್ನು ಗುಡ್ಡದ ಕಡೆಗೆ ಬಿಡದಿರುವುದು ಪರಿಹಾರವಲ್ಲ. ಈಜು ಕಲಿಸುವವರು ಮಗುವನ್ನು ಮೊದಲ ದಿನವೇ ನದಿಯ ಮಡುವಿಗೆ ಇಳಿಸುವುದಿಲ್ಲ. ಸೊಂಟಮಟ್ಟದ ನೀರಿನಲ್ಲಿ ಕೈಕಾಲು ಬಡಿಯಲು ಕಲಿಸುತ್ತಾರೆ. ಬೆಟ್ಟಕ್ಕೂ ಅದೇ ಕ್ರಮ.

ಹಿರಿಯರಿಗೆ ಹೊಸತಲ್ಲ

ಬೆನ್ನಿಗೆ ಗಂಟು ಕಟ್ಟಿಕೊಂಡು ಬೆಟ್ಟ ದಾಟುವುದು ಪೇಟೆಯ ಹುಡುಗರ ಹೊಸ ಹುಚ್ಚು ಎಂದು ತಿಳಿದವರು ಮನೆಯ ಅಜ್ಜನನ್ನು ಒಮ್ಮೆ ಕೇಳಿ ನೋಡಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಪ್ರತಿ ವರ್ಷ ಯುಗಾದಿಗೆ ಮುಂಚೆ ಸಾವಿರಾರು ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದೇ ಹೋಗುತ್ತಾರೆ. ಆತ್ಮಕೂರು ದಾಟಿದ ಮೇಲೆ ನಲ್ಲಮಲದ ಕಾಡು, ನಾಗಲೂಟಿ, ಭೀಮನಕೊಳ್ಳದ ಕಡಿದಾದ ಏರಿಳಿತ, ಕೊನೆಗೆ ಕೈಲಾಸ ಬಾಗಿಲು. ಇದಕ್ಕಿಂತ ದೊಡ್ಡ ಚಾರಣ ಯಾವುದಿದೆ?

ಈ ಪಾದಯಾತ್ರಿಗಳಿಗೆ ಯಾರೂ ಪುಸ್ತಕ ಓದಿಸಿಲ್ಲ. ಆದರೂ ಅವರ ನಡಿಗೆಯಲ್ಲಿ ನಿಯಮಗಳಿವೆ. ನಸುಕಿನಲ್ಲಿ ಹೊರಡುತ್ತಾರೆ, ಬಿಸಿಲೇರಿದಾಗ ನೆರಳು ಹಿಡಿಯುತ್ತಾರೆ. ಒಬ್ಬಂಟಿಯಾಗಿ ನಡೆಯುವುದಿಲ್ಲ. ಹೊರೆ ಹಗುರ ಇಡುತ್ತಾರೆ. ಗಂಟಿನಲ್ಲಿ ಕೆಡದಂಥ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇರುತ್ತದೆ. ಕಾಲು ನೊಂದವರಿಗಾಗಿ ತಂಡ ನಿಲ್ಲುತ್ತದೆ. ಇಂದಿನ ಚಾರಣ ಸಂಸ್ಥೆಗಳು ಹೊಸಬರಿಗೆ ಹೇಳಿಕೊಡುವ ಪಾಠದಲ್ಲಿ ಅರ್ಧಕ್ಕಿಂತ ಹೆಚ್ಚು ಇದರಲ್ಲೇ ಇದೆ.

ಮೊದಲು ಕಾಲಬುಡದ ಗುಡ್ಡ

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಚಾರಣ ಕಲಿಯುವವರು ಅಕ್ಷರಶಃ ನಂಬಬೇಕು. ಚಿತ್ರದಲ್ಲಿ ಹಿಮಾಲಯ ನುಣ್ಣಗೆ ಕಾಣುತ್ತದೆ. ಅಲ್ಲಿಗೆ ಹೋಗುವ ಮುನ್ನ ಕಾಲಬುಡದಲ್ಲಿರುವ ಗುಡ್ಡದ ಒರಟುತನವನ್ನು ಪಾದಗಳು ಅರಿಯಬೇಕು.

ಗೋಕಾಕದವರು ಈ ವಿಷಯದಲ್ಲಿ ಪುಣ್ಯವಂತರು. ಊರಿನಿಂದ ಸುಮಾರು 6 ಕಿ.ಮೀ. ದೂರದಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಕುದುರೆ ಲಾಳದ ಆಕಾರದಲ್ಲಿ ಧುಮುಕುತ್ತದೆ. ಯೋಗಿಕೊಳ್ಳದ ಕಣಿವೆಯಿದೆ. ಹತ್ತಿರದ ಕೊಣ್ಣೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಲಿನ ಗೋರಿಗಳಿವೆ. ಇನ್ನೊಂದು ದಿಕ್ಕಿಗೆ ಹೊರಟರೆ ಮಾರ್ಕಂಡೇಯ ನದಿ ಎರಡು ಹಂತಗಳಲ್ಲಿ ಇಳಿಯುವ ಗೊಡಚಿನಮಲ್ಕಿ. ಇಲ್ಲಿಯ ಬಂಡೆ ಮರಳುಗಲ್ಲು. ಡೈನೋಸಾರುಗಳು ಹುಟ್ಟುವುದಕ್ಕೂ ಬಹಳ ಹಿಂದೆ ನೀರಿನಡಿ ಪದರಪದರವಾಗಿ ಕೂತ ಮರಳು ಗಟ್ಟಿಯಾಗಿ ಆದ ಕಲ್ಲು ಇದು. ಕೈಯಿಂದ ಮುಟ್ಟಿ ನೋಡಿದರೆ ಆ ಪದರಗಳು ಇಂದಿಗೂ ತಿಳಿಯುತ್ತವೆ.

ಹುಕ್ಕೇರಿ ತಾಲ್ಲೂಕಿನವರಿಗೆ ಸಂಕೇಶ್ವರದ ಬಳಿ ವಲ್ಲಭಗಡದ ಕೋಟೆಗುಡ್ಡವಿದೆ. ಹಿಡಕಲ್ ಜಲಾಶಯದ ಸುತ್ತ ಏರುತಗ್ಗಿನ ನೆಲವಿದೆ. ಈ ಕಡೆ ಸಾಗಿದಂತೆ ಮರಳುಗಲ್ಲು ಹಿಂದೆ ಸರಿದು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ಕಪ್ಪು ಬಸಾಲ್ಟ್ ಶಿಲೆ ಕಾಣತೊಡಗುತ್ತದೆ. ಒಂದೇ ದಿನದ ತಿರುಗಾಟದಲ್ಲಿ ಎರಡು ಯುಗಗಳ ಕಲ್ಲು!

“ಮೂಡಲಗಿಯಲ್ಲಿ ಗುಡ್ಡವೇ ಇಲ್ಲವಲ್ಲ?” ಎಂದು ಅಲ್ಲಿಯ ಹುಡುಗರು ಸಪ್ಪೆ ಮುಖ ಮಾಡಬೇಕಿಲ್ಲ. ಚಾರಣದ ಬಲ ಮುಕ್ಕಾಲು ಪಾಲು ಸಮತಟ್ಟು ನೆಲದಲ್ಲೇ ಬರುತ್ತದೆ. ಹೊಲದ ದಾರಿಯಲ್ಲಿ ವಾರಕ್ಕೆ ಮೂರು ದಿನ ಬೆಳಿಗ್ಗೆ ಒಂದು ತಾಸು ಬಿರುಸಾಗಿ ನಡೆಯುವುದು, ಎರಡು ವಾರದ ನಂತರ ಅದೇ ನಡಿಗೆಯನ್ನು ಬೆನ್ನಚೀಲದೊಂದಿಗೆ ನಡೆಯುವುದು, ಶಾಲೆಯ ಮೆಟ್ಟಿಲುಗಳನ್ನು ಹತ್ತಿ ಇಳಿಯುವುದು ಸಾಕು. ಕಾಲುವೆಯ ಏರಿಯ ಮೇಲೆ ನಡೆಯುವವರು ನೀರಿಗೆ ಮಾತ್ರ ಇಳಿಯಬಾರದು. ಕಾಲುವೆಯ ದಡ ಜಾರುತ್ತದೆ, ಹಿಡಿಯಲು ಆಸರೆ ಸಿಗುವುದಿಲ್ಲ.

ಊರ ಗುಡ್ಡ ಎಂಬ ಸಲುಗೆಯೂ ಬೇಡ. 2019ರ ಮಳೆಗಾಲದಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದ್ದನ್ನು ಜನ ಮರೆತಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಊರ ಮೇಲಿನ ಗುಡ್ಡದ ಭಾರಿ ಬಂಡೆಗಳು ಮಳೆಗೆ ಸಡಿಲಗೊಂಡು ಕೆಳಗಿನ ಮನೆಗಳವರು ಜೀವ ಕೈಯಲ್ಲಿ ಹಿಡಿಯಬೇಕಾಯಿತು. ಮಳೆಗಾಲದಲ್ಲಿ ಜಲಪಾತವನ್ನು ದೂರದಿಂದ ನೋಡಬೇಕು. ಗುಡ್ಡ ಹತ್ತಲು ಕಲಿಯುವವರಿಗೆ ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಪಾಚಿ ಕಟ್ಟಿದ ಬಂಡೆ, ಜಲಪಾತದ ಅಂಚು, ಫೋಟೋಕ್ಕಾಗಿ ಇನ್ನೊಂದು ಹೆಜ್ಜೆ ಮುಂದೆ ಇಡುವ ಚಪಲ, ಈ ಮೂರೂ ಸೇರಿದ ಕಡೆ ಅನಾಹುತ ಕಾದಿರುತ್ತದೆ.

ಚೀಲದ ತೂಕ, ಚೀಲದ ವಿಜ್ಞಾನ

ಮಕ್ಕಳ ಪಾಟಿಚೀಲದ ಭಾರ ದೇಹದ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲಿ ಆದೇಶ ಮಾಡಿತು. ಮೊದಲ ಚಾರಣಕ್ಕೂ ಅದೇ ಲೆಕ್ಕ ಹಿಡಿದರೆ ಸರಿ. 40 ಕಿಲೋ ತೂಗುವ ಹುಡುಗನ ಬೆನ್ನಿಗೆ 4 ಕಿಲೋ. ಅದರಲ್ಲಿ 2 ಲೀಟರ್ ನೀರೇ 2 ಕಿಲೋ ಆಯಿತು. ಬುತ್ತಿ ಅರ್ಧ ಕಿಲೋ. ಮಳೆಯಂಗಿ ಮತ್ತು ಒಂದು ಉಣ್ಣೆಯ ಬಟ್ಟೆ ಸೇರಿ ಮುಕ್ಕಾಲು ಕಿಲೋ. ಟಾರ್ಚು, ಸೀಟಿ, ಔಷಧದ ಪೊಟ್ಟಣ, ಟೊಪ್ಪಿಗೆಗಳಿಗೆ ಉಳಿದ ಜಾಗ. ರಾತ್ರಿ ತಂಗುವ ಚಾರಣಕ್ಕೆ ಬೆಳೆಯುವ ಮಕ್ಕಳು ದೇಹತೂಕದ ಶೇ. 15ರಷ್ಟು, ದೊಡ್ಡವರು ಶೇ. 20ರಷ್ಟು ಹೊರಬಹುದು. ಅಂದಾಜಿನ ಮೇಲೆ ಬಿಡದೆ ಚೀಲವನ್ನು ತಕ್ಕಡಿಗೆ ಹಾಕಿಯೇ ಹೊರಡಬೇಕು.

ತೂಕದಷ್ಟೇ ಮುಖ್ಯವಾದದ್ದು ಅದನ್ನು ಜೋಡಿಸುವ ರೀತಿ. ಇದಕ್ಕೆ ಮನೆಯಲ್ಲೇ ಒಂದು ಪ್ರಯೋಗವಿದೆ. ನೀರು ತುಂಬಿದ ತಂಬಿಗೆಯನ್ನು ಎದೆಗೆ ಒತ್ತಿ ಒಂದು ನಿಮಿಷ ಹಿಡಿಯಬೇಕು. ಆಮೇಲೆ ಅದೇ ತಂಬಿಗೆಯನ್ನು ಕೈ ಚಾಚಿ ಹಿಡಿಯಬೇಕು. ಅರ್ಧ ನಿಮಿಷದಲ್ಲಿ ತೋಳು ನಡುಗುತ್ತದೆ. ತೂಕ ಬದಲಾಗಲಿಲ್ಲ, ದೇಹದಿಂದ ಅದರ ದೂರ ಬದಲಾಯಿತು. ಸನ್ನೆಗೋಲಿನ ಪಾಠ ಇದೇ. ಚೀಲದಲ್ಲಿ ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡು, ಎರಡು ಹೆಗಲಮೂಳೆಗಳ ನಡುವೆ ಬರುವಂತಿರಬೇಕು. ಬಟ್ಟೆಯಂಥ ಹಗುರ ಸಾಮಾನು ತಳಕ್ಕೆ ಮತ್ತು ಹೊರಬದಿಗೆ. ತಲೆಯ ಮೇಲೆ ಕೊಡ ಹೊತ್ತ ಹೆಂಗಸರು ನೆಟ್ಟಗೆ ನಡೆಯುವುದನ್ನು ನೋಡಿದವರಿಗೆ ಭಾರ ಮೈಯ ನೇರಕ್ಕೆ ಇರಬೇಕೆಂಬುದು ಬೇಗ ತಿಳಿಯುತ್ತದೆ. ದೊಡ್ಡ ಚೀಲಕ್ಕೆ ಸೊಂಟದ ಪಟ್ಟಿ ಇರಬೇಕು. ಅದನ್ನು ಬಿಗಿದಾಗ ಭಾರದ ಬಹುಪಾಲು ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ.

ಇದಕ್ಕೆ ದುಬಾರಿ ಚೀಲವೇ ಬೇಕೆಂದಿಲ್ಲ. ಮೊದಲ ಎರಡು ಮೂರು ಹಗಲು ಚಾರಣಗಳಿಗೆ ಗಟ್ಟಿಯಾದ ಶಾಲೆಯ ಚೀಲ ಸಾಕು. ಒಳಗಿನ ಬಟ್ಟೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟರೆ ಮಳೆಗೂ ಅಂಜಬೇಕಿಲ್ಲ.

ಕಾಲು, ಬಟ್ಟೆ, ಬುತ್ತಿ

ಹೊಸ ಬೂಟು ಹಾಕಿಕೊಂಡು ಚಾರಣಕ್ಕೆ ಹೊರಟವನು ಸಂಜೆಗೆ ಬರಿಗಾಲಲ್ಲಿ ಬರುತ್ತಾನೆ. ಬೂಟು ಕನಿಷ್ಠ ಹದಿನೈದು ದಿನ ಕಾಲಿಗೆ ಪಳಗಿರಬೇಕು. ಅಟ್ಟೆಯಲ್ಲಿ ಗೀರುಗಳಿರಬೇಕು, ಏಕೆಂದರೆ ನುಣುಪು ಅಟ್ಟೆಗೂ ಬಂಡೆಗೂ ನಡುವೆ ಘರ್ಷಣೆ ಕಡಿಮೆ. ಕಾಲು ಒಂದೆಡೆ ಉರಿಯತೊಡಗಿದರೆ ಬೊಬ್ಬೆ ಏಳುವ ಸೂಚನೆ ಅದು. ನಾಚಿಕೊಳ್ಳದೆ ಅಲ್ಲೇ ಕೂತು ಪಟ್ಟಿ ಅಂಟಿಸಿಕೊಳ್ಳಬೇಕು. ಇನ್ನೊಂದು ಜೊತೆ ಒಣ ಕಾಲುಚೀಲ ಇಟ್ಟುಕೊಂಡವರು ಜಾಣರು.

ಬೆಟ್ಟದ ತಂಪಿನಲ್ಲಿ ಹತ್ತಿಯ ಬಟ್ಟೆ ಮೋಸ ಮಾಡುತ್ತದೆ. ಬೆವರಿಗೋ ಮಳೆಗೋ ತೊಯ್ದರೆ ಬೇಗ ಒಣಗುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಒದ್ದೆ ಅಂಗಿ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಉಣ್ಣೆ ಒದ್ದೆಯಾದರೂ ಅದರ ಎಳೆಗಳ ನಡುವೆ ಒಂದಿಷ್ಟು ಗಾಳಿ ಉಳಿದಿರುತ್ತದೆ. ಈ ಭಾಗದ ಕುರಿಗಾಹಿಗಳು ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ದಿನಗಟ್ಟಲೆ ಹೊರಗಿರುವುದು ಇದರ ಬಲದಿಂದಲೇ.

ಇನ್ನು ಬುತ್ತಿ. ಅದಕ್ಕೆ ಅಂಗಡಿಯ ಪೊಟ್ಟಣಗಳನ್ನು ಹುಡುಕಬೇಕಿಲ್ಲ. ಗೋಕಾಕದ ಹೆಸರು ಹೇಳಿದರೆ ನೆನಪಾಗುವ ಕರದಂಟು ಇದೆಯಲ್ಲ! ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಗೋಡಂಬಿ, ಬಾದಾಮಿಗಳ ಈ ತಿನಿಸಿನಲ್ಲಿ ಬೆಲ್ಲ ಬೇಗನೆ ಶಕ್ತಿ ಕೊಡುತ್ತದೆ, ಕೊಬ್ಬಿನ ಅಂಶ ನಿಧಾನವಾಗಿ ಬಹಳ ಹೊತ್ತು ಕೊಡುತ್ತದೆ. ತೂಕ ಕಡಿಮೆ, ಕೆಡುವುದಿಲ್ಲ, ಬೇಯಿಸಬೇಕಿಲ್ಲ. ಖಡಕ್ ರೊಟ್ಟಿಯಲ್ಲಿ ನೀರಿನಂಶವಿಲ್ಲ, ಹಾಗಾಗಿ ಬೂಷ್ಟು ಹಿಡಿಯುವುದಿಲ್ಲ. ಜೊತೆಗೆ ಶೇಂಗಾ ಅಥವಾ ಗುರೆಳ್ಳು ಚಟ್ನಿ. ಇದಕ್ಕಿಂತ ಒಳ್ಳೆಯ ಚಾರಣದ ಊಟವನ್ನು ಯಾವ ದೇಶದವರು ಕಂಡುಹಿಡಿದಿದ್ದಾರೋ ಗೊತ್ತಿಲ್ಲ.

ನೀರನ್ನು ಬಾಯಾರುವ ಮೊದಲೇ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಹಳ್ಳದ ನೀರು ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬಾರದು. ಸುಸ್ತು, ಬೇಧಿ ಆದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ ಕೊಡಬಹುದು.

ನಡಿಗೆಗೂ ಒಂದು ಗಣಿತ

1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸುಲಭ ಸೂತ್ರ ಕೊಟ್ಟ. ಅದನ್ನು ಇಂದಿನ ಅಳತೆಯಲ್ಲಿ ಹೀಗೆ ಹೇಳುತ್ತಾರೆ: ಪ್ರತಿ 5 ಕಿ.ಮೀ. ದಾರಿಗೆ ಒಂದು ತಾಸು, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. 10 ಕಿ.ಮೀ. ದಾರಿಯಲ್ಲಿ 300 ಮೀಟರ್ ಏರಿದ್ದರೆ 2 ತಾಸಿಗೆ ಅರ್ಧ ತಾಸು ಸೇರಿ ಎರಡೂವರೆ ತಾಸು. ಹೊಸಬರು ಇದಕ್ಕೆ ಅದರರ್ಧ ಸೇರಿಸಿಕೊಳ್ಳಬೇಕು. ಅಂದರೆ ಸುಮಾರು ನಾಲ್ಕು ತಾಸು. ಸಂಜೆ 6ಕ್ಕೆ ಕತ್ತಲಾಗುವುದಾದರೆ ಎಷ್ಟು ಗಂಟೆಗೆ ಹಿಂತಿರುಗಬೇಕು ಎಂಬುದನ್ನು ಹೊರಡುವ ಮುಂಚೆಯೇ ಲೆಕ್ಕ ಹಾಕಿ ಬರೆದಿಡಬಹುದು. ಆ ಗಳಿಗೆ ಬಂದಾಗ ತುದಿ ಕೈಗೆಟುಕುವಷ್ಟು ಹತ್ತಿರವಿದ್ದರೂ ಹಿಂತಿರುಗಬೇಕು. ಇದು ಹೇಳಲು ಸುಲಭ, ಪಾಲಿಸಲು ಬಲು ಕಷ್ಟ.

ಎಷ್ಟು ಬಿರುಸಾಗಿ ನಡೆಯಬೇಕು? ಪಕ್ಕದವರ ಜೊತೆ ಏದುಸಿರಿಲ್ಲದೆ ಮಾತಾಡಲು ಸಾಧ್ಯವಾಗುವಷ್ಟು. ತಂಡದ ವೇಗವೆಂದರೆ ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗ. ಏರುವಾಗ ದಮ್ಮು ಸೋಲುತ್ತದೆ, ಇಳಿಯುವಾಗ ಮೊಣಕಾಲು ಸೋಲುತ್ತದೆ. ಹೆಚ್ಚಿನವರು ಎಡವುವುದು ಕೆಲಸ ಮುಗಿಯಿತೆಂದು ಮೈಮರೆತು ಇಳಿಯುವಾಗ.

ಪಠ್ಯಪುಸ್ತಕದ ಭೂಗೋಳಕ್ಕೂ ಇಲ್ಲಿ ಜೀವ ಬರುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಸಮೋನ್ನತಿ ರೇಖೆಗಳು ಒತ್ತೊತ್ತಾಗಿದ್ದರೆ ಏರು ಕಡಿದು, ದೂರದೂರವಿದ್ದರೆ ಇಳಿಜಾರು ಮೆಲು. ಅಂಕಗಳಿಗಾಗಿ ಬಾಯಿಪಾಠ ಮಾಡಿದ ಈ ಸಾಲು ಗುಡ್ಡದ ಮೇಲೆ ದಾರಿ ತೋರಿಸುತ್ತದೆ. ಮೊಬೈಲಿನ ನಕ್ಷೆ ಒಳ್ಳೆಯದೇ, ಆದರೆ ಬ್ಯಾಟರಿ ತೀರಿದ ಮೇಲೆ ಅದು ಬರೀ ಗಾಜು.

ಎತ್ತರ ಏರಿದಂತೆ

ಗೋಕಾಕ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಪ್ರತಿ 1,000 ಮೀಟರ್ ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆ ಲೆಕ್ಕದಲ್ಲಿ 3,550 ಮೀಟರ್ ಎತ್ತರದ ಹಿಮಾಲಯದ ಬಿಡಾರ ಕೇವಲ ಎತ್ತರದ ಕಾರಣಕ್ಕೇ ಇಲ್ಲಿಗಿಂತ ಸುಮಾರು 20 ಡಿಗ್ರಿ ತಂಪು. ಗಾಳಿಯ ಒತ್ತಡವೂ ಅಲ್ಲಿ ಸಮುದ್ರಮಟ್ಟದ ಮೂರನೆಯ ಎರಡು ಪಾಲಿನಷ್ಟೇ. ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುವುದರಿಂದ ಬೇಳೆ ಬೇಯಲು ಕುಕ್ಕರ್ ಬೇಕೇ ಬೇಕು.

ಒಂದೊಂದು ಉಸಿರಿನಲ್ಲೂ ಆಮ್ಲಜನಕ ಕಡಿಮೆ ಸಿಗುವುದರಿಂದ 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಶುರುವಾಗಬಹುದು. ದೇಹಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. 3,000 ಮೀಟರ್ ಮೀರಿದ ಮೇಲೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬ ನಿಯಮ ಇದಕ್ಕೇ. ಲಕ್ಷಣಗಳು ಹೆಚ್ಚಾದರೆ ಔಷಧ ಹುಡುಕುತ್ತ ಕೂರದೆ ಕೆಳಗೆ ಇಳಿಯಬೇಕು. ನಡುಕ, ತೊದಲು ಮಾತು, ಎಡವುವ ಕಾಲು ಕಂಡರೆ ಅದು ಮೈಯ ಶಾಖ ಕುಸಿಯುತ್ತಿರುವ ಗುರುತು. ಗಾಳಿಯ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹೊದಿಸಿ, ಎಚ್ಚರವಿದ್ದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಬೇಕು. ಇದನ್ನು ತಂಡದ ಪ್ರತಿಯೊಬ್ಬರೂ ತಿಳಿದಿರಬೇಕು.

ಪಾಲಕರು ಕೇಳಬೇಕಾದದ್ದು

ಮಕ್ಕಳನ್ನು ಕಳಿಸುವ ಮುನ್ನ ತಂದೆತಾಯಿ ಸಂಕೋಚವಿಲ್ಲದೆ ಕೆಲವು ಪ್ರಶ್ನೆ ಕೇಳಬೇಕು. ತಂಡದ ನಾಯಕ ಆ ದಾರಿಯಲ್ಲಿ ಮೊದಲು ನಡೆದಿದ್ದಾನೆಯೇ? ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು? ಹೆಣ್ಣುಮಕ್ಕಳಿದ್ದರೆ ಶಿಕ್ಷಕಿ ಜೊತೆಗಿದ್ದಾರೆಯೇ? ಪ್ರಥಮ ಚಿಕಿತ್ಸೆ ಯಾರಿಗೆ ಬರುತ್ತದೆ? ಹತ್ತಿರದ ಆಸ್ಪತ್ರೆ ಎಲ್ಲಿ? ಹವೆ ಕೆಟ್ಟರೆ ಹಿಂತಿರುಗುವ ದಾರಿ ಯಾವುದು? ಅರಣ್ಯ ಇಲಾಖೆಯ ಒಪ್ಪಿಗೆ ಇದೆಯೇ? 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದಲ್ಲಿ ಜನಜಾತ್ರೆಯೇ ನೆರೆದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿತ್ತು. ಮುಂದೆ ಅದೇ ವರ್ಷ ಆನ್‌ಲೈನ್ ಮುಂಗಡ ಬುಕಿಂಗ್ ಜಾರಿಗೆ ತಂದು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಗೊತ್ತುಮಾಡಿತು. ನಿಯಮ ತಿಳಿದೇ ಹೊರಡುವುದು ಲೇಸು.

ಈ ಪ್ರಶ್ನೆಗಳಿಗೆ ತಡವರಿಸುವವರ ಜೊತೆ ಕಳಿಸಬೇಡಿ. ತಡವರಿಸದೆ ಉತ್ತರಿಸುವವರ ಜೊತೆ ಕಳಿಸಲು ಹಿಂಜರಿಯಬೇಡಿ. ಸ್ಕೌಟ್ಸ್ ಮತ್ತು ಗೈಡ್ಸ್, ಎನ್.ಸಿ.ಸಿ., ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್, ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಗಳು ಶಿಸ್ತಿನಿಂದ ಕಲಿಯಲು ಇರುವ ದಾರಿಗಳು. ಎನ್.ಸಿ.ಸಿ.ಯ ಅಖಿಲ ಭಾರತ ಚಾರಣ ಶಿಬಿರಕ್ಕೆ ಬೇರೆ ರಾಜ್ಯಗಳ ಕೆಡೆಟ್‌ಗಳು ಬೆಳಗಾವಿಗೆ ಬಂದು ಇಲ್ಲಿಯ ಗುಡ್ಡಗಳನ್ನು ಸುತ್ತಿಹೋಗಿದ್ದಾರೆ. ಇನ್ನೂ ಮುಂದೆ ಹೋಗುವವರಿಗೆ ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ, ಉತ್ತರಕಾಶಿಯಲ್ಲಿ 1965ರಲ್ಲಿ ಆರಂಭವಾದ ಪರ್ವತಾರೋಹಣ ಸಂಸ್ಥೆಗಳಿವೆ.

ಮಕ್ಕಳು ಮನೆಯಲ್ಲಿ ಒಂದು ಚೀಟಿ ಬರೆದಿಟ್ಟು ಹೋಗಬೇಕು. ದಾರಿ, ಜೊತೆಗಾರರ ಹೆಸರು, ಮರಳುವ ಹೊತ್ತು ಅದರಲ್ಲಿರಲಿ. ದಾರಿ ತಪ್ಪಿದರೆ ಅಲೆಯದೆ ಒಂದೆಡೆ ನಿಂತು, ನಿಮಿಷಕ್ಕೆ ಆರು ಬಾರಿ ಸೀಟಿ ಊದಿ ಒಂದು ನಿಮಿಷ ಬಿಡುವು ಕೊಡಬೇಕು. ಇದು ಲೋಕವೆಲ್ಲ ಒಪ್ಪಿದ ಸಂಕೇತ. ಫೋನು ಸಿಕ್ಕರೆ 112.

ಬಂಡೆಯಿಂದ ಶಿಖರಕ್ಕೆ

2014ರ ಮೇ 25ರಂದು ತೆಲಂಗಾಣದ ಮಾಲಾವತ್ ಪೂರ್ಣಾ ಎಂಬ ಹುಡುಗಿ ಎವರೆಸ್ಟ್ ತುದಿ ಮುಟ್ಟಿದಾಗ ಅವಳಿಗೆ ಹದಿನಾಲ್ಕೂ ತುಂಬಿರಲಿಲ್ಲ. ಕೂಲಿ ಮಾಡುವ ತಂದೆತಾಯಿಯ ಮಗಳು, ಸಮಾಜ ಕಲ್ಯಾಣ ವಸತಿ ಶಾಲೆಯ ವಿದ್ಯಾರ್ಥಿನಿ. ಲೋಕ ಕಂಡದ್ದು ಶಿಖರದ ಮೇಲಿನ ಚಿತ್ರವನ್ನು. ಆದರೆ ಅವಳ ಕಲಿಕೆ ಶುರುವಾದದ್ದು ಹೈದರಾಬಾದಿನ ಹತ್ತಿರದ ಭುವನಗಿರಿಯ ಬಂಡೆಯ ಮೇಲೆ. ಅಲ್ಲಿಂದ ಡಾರ್ಜಿಲಿಂಗ್, ಅಲ್ಲಿಂದ ಲಡಾಖ್, ಆಮೇಲೆ ಎವರೆಸ್ಟ್. ಎಲ್ಲರೂ ಎವರೆಸ್ಟ್ ಹತ್ತಬೇಕಿಲ್ಲ. ಮೆಟ್ಟಿಲು ತಪ್ಪಿಸದೆ ಏರುವುದನ್ನು ಮಾತ್ರ ಎಲ್ಲರೂ ಕಲಿಯಬಹುದು.

ಘಟಪ್ರಭಾ ಕಣಿವೆಯ ಮಕ್ಕಳಿಗೆ ಆ ಮೆಟ್ಟಿಲುಗಳನ್ನು ನದಿಯೇ ಜೋಡಿಸಿಟ್ಟಿದೆ. ಮೂಡಲಗಿಯ ಹೊಲದ ದಾರಿಯಲ್ಲಿ ನಡಿಗೆ, ಗೋಕಾಕದ ಮರಳುಗಲ್ಲಿನ ಮೇಲೆ ಅರ್ಧ ದಿನ, ಹುಕ್ಕೇರಿ ಸೀಮೆಯ ಕೋಟೆಗುಡ್ಡದಲ್ಲಿ ಪೂರ್ತಿ ದಿನ. ಅದೇ ನೀರಿನ ಎದುರು ಸಾಗಿದರೆ ಕೊನೆಗೆ ಅಂಬೋಲಿಯ ಕಡೆಯ ಸಹ್ಯಾದ್ರಿ. ಘಟಪ್ರಭೆಯೂ ಸಂಕೇಶ್ವರದ ಹಿರಣ್ಯಕೇಶಿಯೂ ಹುಟ್ಟುವುದು ಆ ಸೀಮೆಯಲ್ಲೇ. ಎರಡು ಮೂರು ವರ್ಷಗಳಲ್ಲಿ ಹಂತಹಂತವಾಗಿ ಅಲ್ಲಿಗೆ ತಲುಪಿದ ಹುಡುಗನೋ ಹುಡುಗಿಯೋ ತಮ್ಮ ಊರಿನ ನಲ್ಲಿಯ ನೀರು ಎಲ್ಲಿಂದ ಬರುತ್ತದೆಂಬುದನ್ನು ಕಾಲಿನಿಂದ ಓದಿದಂತಾಗುತ್ತದೆ.

ಆ ಮಗನಿಗೆ ಅಪ್ಪ ಕೊಡಬಹುದಾದ ಒಳ್ಳೆಯ ಉತ್ತರ ‘ಬೇಡ’ ಎಂಬುದಲ್ಲ, ‘ಹೋಗು’ ಎಂಬುದೂ ಅಲ್ಲ. “ಈ ರವಿವಾರ ಯೋಗಿಕೊಳ್ಳಕ್ಕ ನಾನೂ ಬರ್ತೀನಿ, ನಡೀ. ಆದ್ರ ಚೀಲಾ ನೀನ ಹೊರಬೇಕು.”